ತೊಳೆದ ಮೇಲೆ ಉಳಿದ ಬೆಳ್ಳಿ

ಬೇವಿನ ಎಲೆಯಿಂದ ಬೆಳ್ಳಿಯ ನ್ಯಾನೋಕಣ (ಕಣ್ಣಿಗೆ ಕಾಣದಷ್ಟು ಸಣ್ಣ ಕಣ) ಮಾಡುವುದು ಸುಲಭ. ಆ ಕಣಗಳೇ ಬ್ಯಾಕ್ಟೀರಿಯಾವನ್ನು ಕೊಂದವು ಎಂದು ತೋರಿಸುವುದು ಕಷ್ಟ. ನನಗೆ ಜಾಸ್ತಿ ಸಮಯ ಹಿಡಿದದ್ದು ಅಲ್ಲೇ.

10 ಗ್ರಾಂ ಎಲೆಯನ್ನು ಹೆಚ್ಚಿ, 100 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ ಕುದಿಸಿ ಸೋಸಿದೆ. ಒಂದು ಪಾಲು ಈ ಕಷಾಯಕ್ಕೆ ಒಂಬತ್ತು ಪಾಲು 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್ (ನೀರಿನಲ್ಲಿ ಕರಗುವ ಬೆಳ್ಳಿಯ ಲವಣ) ದ್ರಾವಣ. ಅಂದರೆ ಲೀಟರಿಗೆ ಸುಮಾರು 0.17 ಗ್ರಾಂ ಅಷ್ಟೇ. ಗ್ಲೌಸ್ ಹಾಕಿಕೊಳ್ಳಿ, ಚರ್ಮಕ್ಕೆ ತಾಗಿದರೆ ಕಪ್ಪು ಕಲೆ ದಿನಗಟ್ಟಲೆ ಹೋಗುವುದಿಲ್ಲ.

ಮೊದಲ ಸಲ ದ್ರಾವಣ ಹಾಲಿನಂತೆ ಬೆಳ್ಳಗಾಯಿತು. ಫ್ಲಾಸ್ಕನ್ನು ನಲ್ಲಿ ನೀರಿನಲ್ಲಿ ತೊಳೆದು ಹಾಗೇ ಬಳಸಿದ್ದೆ. ಆ ನೀರಿನ ಕ್ಲೋರೈಡ್ ಬೆಳ್ಳಿಯನ್ನು ಹಿಡಿದು ಸಿಲ್ವರ್ ಕ್ಲೋರೈಡ್ ಆಗಿಸಿತ್ತು. ಎರಡನೇ ಸಲ ಎಲ್ಲವನ್ನೂ ಡಿಸ್ಟಿಲ್ಡ್ ನೀರಿನಲ್ಲೇ ತೊಳೆದೆ. ತಿಳಿ ಹಳದಿ ಮೆಲ್ಲಗೆ ಕಂದಾಯಿತು. ಆ ಬಣ್ಣ ತಿರುಗುವುದನ್ನು ಎಷ್ಟು ಸಲ ನೋಡಿದರೂ ಖುಷಿಯಾಗುತ್ತದೆ! ಕಣದ ಮೇಲ್ಮೈಯ ಎಲೆಕ್ಟ್ರಾನುಗಳು ಬೆಳಕಿನ ಜೊತೆ ಒಟ್ಟಾಗಿ ತೂಗುವುದರಿಂದ ಬರುವ ಬಣ್ಣ ಅದು. ದ್ರಾವಣ ಯಾವ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 400ರಿಂದ 450 ನ್ಯಾನೋಮೀಟರ್ ತರಂಗಾಂತರದ ನಡುವೆ ಶಿಖರ ಕಂಡಿತು.

ಆಮೇಲೆ ಅಗರ್ ಪ್ಲೇಟಿನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ ತಟ್ಟೆ) ಇ. ಕೋಲಿ ಬ್ಯಾಕ್ಟೀರಿಯಾ ಹರಡಿ, ಕುಳಿ ಕೊರೆದು ದ್ರಾವಣ ಹಾಕಿದೆ. ಮರುದಿನ ಕುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ದೊಡ್ಡ ತಿಳಿ ವೃತ್ತ. ಆದರೆ ಪಕ್ಕದ ಕುಳಿಯಲ್ಲಿ ಬರೀ ಸಿಲ್ವರ್ ನೈಟ್ರೇಟ್ ಇತ್ತು, ಅದರ ಸುತ್ತಲೂ ಹೆಚ್ಚುಕಡಿಮೆ ಅಷ್ಟೇ ದೊಡ್ಡ ವೃತ್ತ! ಬೆಳ್ಳಿಯ ಅಯಾನುಗಳೇ (ನೀರಿನಲ್ಲಿ ಕರಗಿರುವ, ವಿದ್ಯುದಂಶವಿರುವ ಬೆಳ್ಳಿಯ ಪರಮಾಣುಗಳು) ಬ್ಯಾಕ್ಟೀರಿಯಾಕ್ಕೆ ವಿಷ. ನನ್ನ ದ್ರಾವಣದಲ್ಲಿ ಕಣವಾಗದೆ ಉಳಿದ ಅಯಾನು ಎಷ್ಟಿತ್ತು ಅಂತ ನಾನು ನೋಡಿಯೇ ಇರಲಿಲ್ಲ.

ಹಾಗಾಗಿ ದ್ರಾವಣವನ್ನು ವೇಗವಾಗಿ ತಿರುಗಿಸಿ ಕಣಗಳನ್ನು ತಳಕ್ಕಿಳಿಸುವ ಸೆಂಟ್ರಿಫ್ಯೂಜಿಗೆ ಹಾಕಿ, ತಳದ ಕಣಗಳನ್ನು ಮೂರು ಸಲ ತೊಳೆದೆ. ಮೊದಲ ಸಲ ನನ್ನ ಪ್ರಯೋಗವನ್ನು ಕೆಡಿಸಿದ್ದ ಕ್ಲೋರೈಡ್ ಈಗ ಸಹಾಯಕ್ಕೆ ಬಂತು. ಮೇಲಿನ ತಿಳಿಗೆ ಒಂದು ಹನಿ ಉಪ್ಪುನೀರು ಬಿಟ್ಟೆ. ಬಿಳಿ ಮಬ್ಬು ಬಂದರೆ ಅಯಾನು ಇನ್ನೂ ಇದೆ ಎಂದರ್ಥ. ಮಬ್ಬು ಬರದಿದ್ದರೂ ಒಂದಿಷ್ಟೂ ಇಲ್ಲ ಎನ್ನುವಂತಿಲ್ಲ, ತೀರಾ ಕಡಿಮೆಯಿದ್ದರೆ ಅದು ಕಣ್ಣಿಗೆ ಕಾಣುವುದಿಲ್ಲ.

ತೊಳೆದ ಕಣಗಳ ವೃತ್ತ ಚಿಕ್ಕದಾಯಿತು. ಬೇಸರವಾಯಿತು ನಿಜ, ಆದರೆ ನಾನು ನಂಬುವುದು ಅದನ್ನೇ. ಕಣಗಳು ಅಗರಿನಲ್ಲಿ ನಿಧಾನಕ್ಕೆ ಹರಡುತ್ತವೆ, ಆದ್ದರಿಂದ ವೃತ್ತ ನೋಡಿ ಬಲ ಅಳೆಯುವುದೂ ಸರಿಯಲ್ಲ. ಈಗ ದ್ರವ ಮಾಧ್ಯಮದಲ್ಲಿ, ಬೆಳವಣಿಗೆ ನಿಲ್ಲಿಸುವ ಅತಿ ಕಡಿಮೆ ಪ್ರಮಾಣವನ್ನು ಹುಡುಕುತ್ತೇನೆ. ಪ್ರತಿ ಸಲವೂ ಹೋಲಿಕೆಗೆ ಜೊತೆಯಲ್ಲಿ ಬರೀ ಕಷಾಯ, ಬರೀ ಸಿಲ್ವರ್ ನೈಟ್ರೇಟ್, ಕೊನೆಯ ಸಲ ತೊಳೆದ ನೀರು, ಮೂರನ್ನೂ ಇಡುತ್ತೇನೆ.