ಮನೆದಾರಿಯ ಜಲ್ಲಿ ಮಳೆಗೆ ಕೊಚ್ಚಿ ಹೋಗದಿರಲು ಟ್ರ್ಯಾಕ್ಟರಿಗೆ ಯಾವ ಬ್ಲೇಡ್ ಒಳ್ಳೆಯದು?

ಹಿರಿಯಡ್ಕದ ಒಳಗಡೆ ನಮ್ಮ ಮನೆ. ಪಂಚಾಯತ್ ರಸ್ತೆಯಿಂದ ಅಂಗಳದವರೆಗೆ 250 ಮೀಟರ್ ಜಲ್ಲಿ ದಾರಿ, ಅದರಲ್ಲಿ ಅರ್ಧ ಇಳಿಜಾರು. ನಮ್ಮ ಉಡುಪಿ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಇಂಥ ಊರಲ್ಲಿ ಜಲ್ಲಿ ದಾರಿ ಇದ್ದವರಿಗೆ ಪ್ರತಿ ವರ್ಷ ಅದೇ ಕಥೆ ಅಲ್ವಾ, ಮಳೆ ಬಿಟ್ಟ ಮೇಲೆ ಮತ್ತೆ ಜಲ್ಲಿ ಲೋಡು, ಮತ್ತೆ ಜೆಸಿಬಿ ಬಾಡಿಗೆ. ಈಗ ಅಡಿಕೆ ತೋಟಕ್ಕೆ ಅಂತ 24 ಎಚ್‌ಪಿಯ ಸಣ್ಣ ಟ್ರ್ಯಾಕ್ಟರ್ ಇಟ್ಟುಕೊಂಡವರು ಜಾಸ್ತಿ. ಅದರ ಹಿಂದೆ ಸರಿಯಾದ ಬ್ಲೇಡ್ ಕಟ್ಟಿದರೆ ದಾರಿಯ ಕೆಲಸ ನಾವೇ ಮಾಡಿಕೊಳ್ಳಬಹುದು. ಸರಿಯಲ್ಲದ್ದು ಕಟ್ಟಿದರೆ ಇದ್ದ ದಾರಿಯೂ ಹೋಗುತ್ತದೆ.

ನಮ್ಮದು ಹಾಗೇ ಹೋಯಿತು. ನಾನು ಮೊದಲು ತಂದದ್ದು ಗದ್ದೆ ಸಮ ಮಾಡುವ ಲೆವೆಲರ್. ಅಂಗಡಿಯಲ್ಲಿ ‘ಮಣ್ಣು ಎಳೆಯಲಿಕ್ಕೆ ಇದೇ ಸಾಕು’ ಅಂದರು, ತಂದೆ. ಏಪ್ರಿಲ್‌ನಲ್ಲಿ ಎರಡು ದಿನ ಎಳೆದೆ, ದಾರಿ ಚಾಪೆ ಹಾಸಿದ ಹಾಗೆ ಚಪ್ಪಟೆಯಾಯಿತು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ನೀರು ಬದಿಗೆ ಇಳಿಯಲು ದಾರಿಯೇ ಇಲ್ಲದೆ ನಡುವಿನಲ್ಲೇ ತೋಡಿನ ಹಾಗೆ ಹರಿಯಿತು, ಜಲ್ಲಿಯೆಲ್ಲ ಕೆಳಗಿನ ಮನೆಯವರ ಗದ್ದೆಗೆ. ಆಗಷ್ಟೇ ನೇಜಿ ನೆಟ್ಟಿದ್ದ ಗದ್ದೆ. ಅವರು ಬೈಯಲಿಲ್ಲ, ಆದರೆ ಬುಟ್ಟಿ ಹಿಡಿದು ಕಲ್ಲು ಹೆಕ್ಕುವಾಗ ನನಗೆ ತುಂಬಾ ಬೇಸರವಾಯಿತು.

ಆವತ್ತೇ ಅರ್ಥವಾದದ್ದು ಇಷ್ಟು. ದಾರಿ ಸಮ ಇರಬೇಕಾದ್ದಲ್ಲ, ನೀರನ್ನು ಹೊರಗೆ ಹಾಕಬೇಕಾದ್ದು. ನಡು ಎತ್ತರ, ಎರಡೂ ಬದಿ ತಗ್ಗು, ಪಕ್ಕದಲ್ಲಿ ನೀರು ಹರಿಯುವ ಕಣಿ. ಮೀಟರಿಗೆ 4 ಸೆಂಟಿಮೀಟರ್ ಇಳಿತ ಇದ್ದರೆ ಸಾಕು, ಅಂದರೆ 3 ಮೀಟರ್ ಅಗಲದ ದಾರಿಯ ನಡು ಅಂಚಿಗಿಂತ 6 ಸೆಂಟಿಮೀಟರ್ ಎತ್ತರ. ಹಾಗಾಗಿ ಯಾವ ಬ್ಲೇಡ್ ನೋಡಿದರೂ ಮೊದಲು ಕೇಳಬೇಕಾದದ್ದು ಒಂದೇ: ಅಂಚಿಗೆ ಸರಿದ ಜಲ್ಲಿಯನ್ನು ಇದು ನಡುವಿಗೆ ತರುತ್ತದಾ?

ಇದಕ್ಕೆ ಚೆನ್ನಾಗಿ ಒದಗುವುದು ಟೆರೇಸರ್ ಬ್ಲೇಡ್. ಬಾಗಿದ ಒಂದೇ ಹಲಗೆ. ಪಿನ್ ತೆಗೆದು ಅದನ್ನು ಎಡಕ್ಕೋ ಬಲಕ್ಕೋ ಓರೆ ಮಾಡಬಹುದು, ಒಳ್ಳೆಯದಾದರೆ ಒಂದು ತುದಿಯನ್ನು ಕೆಳಗೆ ವಾಲಿಸಲೂ ಆಗುತ್ತದೆ. ಓರೆ ಮಾಡಿದರೆ ಜಲ್ಲಿ ಪಕ್ಕಕ್ಕೆ ಹರಿಯುತ್ತದೆ, ವಾಲಿಸಿದರೆ ಕಣಿಯನ್ನೂ ಕೆರೆಯುತ್ತದೆ. ಕೊರತೆ ಇಲ್ಲದಿಲ್ಲ. ಟ್ರ್ಯಾಕ್ಟರಿನ ಚಕ್ರ ಗುಂಡಿಗೆ ಇಳಿದಾಗ ಹಿಂದಿನ ಬ್ಲೇಡೂ ಅಲುಗುತ್ತದೆ, ಹೈಡ್ರಾಲಿಕ್ ಲಿವರಿನಲ್ಲಿ ಕೈ ಪಳಗುವವರೆಗೆ ದಾರಿ ಅಲೆ ಅಲೆಯಾಗುತ್ತದೆ.

ಬಾಕ್ಸ್ ಬ್ಲೇಡ್ ಅಂದರೆ ಮೂರು ಬದಿ ಮುಚ್ಚಿದ ಪೆಟ್ಟಿಗೆ, ಮುಂದೆ ಸಾಲಾಗಿ ಹಲ್ಲು. ಟಾಪ್ ಲಿಂಕ್, ಅಂದರೆ ಟ್ರ್ಯಾಕ್ಟರಿನಿಂದ ಬ್ಲೇಡಿಗೆ ಬರುವ ಮೇಲಿನ ಕೈ, ಗಿಡ್ಡ ಮಾಡಿದರೆ ಹಲ್ಲು ಕಚ್ಚುತ್ತದೆ, ಉದ್ದ ಮಾಡಿದರೆ ಬರೀ ನಯ ಮಾಡುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆ) ಪುಡಿ ಬೇಸಗೆಯಲ್ಲಿ ಸಿಮೆಂಟಿನ ಹಾಗೆ ಗಟ್ಟಿಯಾಗುವುದರಿಂದ ಹಲ್ಲು ಬೇಕೇ ಬೇಕು, ಅದು ನಿಜ. ಆದರೆ ಪೆಟ್ಟಿಗೆ ಓರೆಯಾಗುವುದಿಲ್ಲ, ಜಲ್ಲಿಯನ್ನು ಮುಂದಕ್ಕೆ ಎಳೆದೊಯ್ಯುತ್ತದೆಯೇ ಹೊರತು ಪಕ್ಕಕ್ಕೆ ಹಾಕುವುದಿಲ್ಲ.

ಇನ್ನೊಂದು ಲ್ಯಾಂಡ್ ಪ್ಲೇನ್. ಎರಡು ಬದಿಗೆ ಉದ್ದನೆಯ ಕಬ್ಬಿಣದ ಜಾರುಪಟ್ಟಿ, ನಡುವೆ ಒಂದರ ಹಿಂದೆ ಒಂದು ಎರಡು ಬ್ಲೇಡ್. ಪಟ್ಟಿ ಉದ್ದ ಇರುವುದರಿಂದ ಉಬ್ಬಿನ ತಲೆ ಕತ್ತರಿಸಿ ತಗ್ಗಿಗೆ ತುಂಬುತ್ತಾ ಹೋಗುತ್ತದೆ, ಹೊಸಬರೂ ಧೈರ್ಯವಾಗಿ ಎಳೆಯಬಹುದು. ಇದ್ದ ಆಕಾರವನ್ನು ಚೆನ್ನಾಗಿ ಉಳಿಸುತ್ತದೆ, ನಡು ಎತ್ತರವನ್ನು ಹೊಸದಾಗಿ ಕಟ್ಟಲು ಮಾತ್ರ ಕಷ್ಟ. ನಾಲ್ಕೈದು ಮನೆಯವರು ಸೇರಿ ಉದ್ದದ ದಾರಿ ನೋಡಿಕೊಳ್ಳುವುದಾದರೆ ವೆಲ್ಡಿಂಗ್ ಶಾಪಿನಲ್ಲಿ ಇದನ್ನೇ ಮಾಡಿಸಿ. ಚೈನ್, ಹಳೆ ಕಬ್ಬಿಣದ ತೊಲೆ ಎಳೆಯುವುದೆಲ್ಲ ಮೇಲಿನ ಸಡಿಲ ಜಲ್ಲಿ ಹರಡಲು ಅಷ್ಟೇ.

ನನ್ನ ಮಾತು ಕೇಳುವುದಾದರೆ ಒಂದೇ ಒಂದು ತಗೊಳ್ಳುವವರು ಓರೆ ಮತ್ತು ವಾಲು ಎರಡೂ ಬರುವ ಟೆರೇಸರ್ ಬ್ಲೇಡ್ ತಗೊಳ್ಳಿ. ಹಲ್ಲಿನ ಕೆಲಸಕ್ಕೆ ತೋಟದ 5 ಹಲ್ಲಿನ ಕಲ್ಟಿವೇಟರ್ ಇದೆಯಲ್ಲ, ಅದನ್ನೇ ಮೊದಲು ಒಂದು ಸಲ ಹೊಡೆಯಿರಿ. ಇಲ್ಲದಿದ್ದರೆ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ವಿಚಾರಿಸಿ.

ತಗೊಳ್ಳುವಾಗ ಅಳತೆ ಪಟ್ಟಿ ಜೊತೆಯಲ್ಲಿರಲಿ. ಬ್ಲೇಡನ್ನು ಓರೆ ಮಾಡಿದಾಗ ಅಗಲ ಕಡಿಮೆಯಾಗುತ್ತದೆ, ಆಗಲೂ ಎರಡೂ ಹಿಂದಿನ ಟಯರಿನ ಗುರುತು ಮುಚ್ಚಬೇಕು, ಇಲ್ಲದಿದ್ದರೆ ನೀವು ನಯ ಮಾಡಿದ್ದನ್ನು ನಿಮ್ಮದೇ ಟಯರು ಒತ್ತಿ ಹಾಳು ಮಾಡುತ್ತದೆ. ಅಡಿಗೆ 5 ಎಚ್‌ಪಿ ಅಂತ ಲೆಕ್ಕ ಇಟ್ಟರೆ 24 ಎಚ್‌ಪಿಗೆ ನಾಲ್ಕೂವರೆ ಅಡಿ, ಹೆಚ್ಚೆಂದರೆ 5. ತೂಕದಲ್ಲಿ ಜಿಪುಣತನ ಬೇಡ, ಹಗುರ ಬ್ಲೇಡ್ ಗಟ್ಟಿ ನೆಲದ ಮೇಲೆ ಸುಮ್ನೆ ಜಾರಿಕೊಂಡು ಹೋಗುತ್ತದೆ. ಬ್ಲೇಡನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಪಿನ್ ನೋಡಿ: ಸಣ್ಣ ಟ್ರ್ಯಾಕ್ಟರಿಗೆ ಬರುವ ಕೆಟಗರಿ 1 ಅನ್ನುವ ಅಳತೆಯಲ್ಲಿ ಕೆಳಗಿನ ಪಿನ್ 22 ಮಿಲಿಮೀಟರ್, ಮೇಲಿನದು 19. ದೊಡ್ಡ ಟ್ರ್ಯಾಕ್ಟರಿನ ಕೆಟಗರಿ 2ರಲ್ಲಿ 28 ಮತ್ತು 25, ಅದು ಕೂರುವುದೇ ಇಲ್ಲ. ತೋಟದ ಟ್ರ್ಯಾಕ್ಟರಿನ ಕೆಳಗಿನ ಎರಡು ಕೈಗಳ ನಡುವಿನ ಅಂತರವೂ ಕೆಲವೊಮ್ಮೆ ಕಿರಿದು, ಅದನ್ನೂ ಅಳೆಯಿರಿ. ಕತ್ತರಿಸುವ ಅಂಚು ಬೋಲ್ಟ್ ಹಾಕಿದ್ದಾಗಿರಲಿ. ಒಂದು ಬದಿ ಸವೆದರೆ ಬಿಚ್ಚಿ ತಿರುಗಿಸಿ ಹಾಕಬಹುದು. ವೆಲ್ಡ್ ಮಾಡಿದ್ದು ಬೇಡ.

ಕೆಲಸ ಯಾವಾಗ? ಒಣ ಏಪ್ರಿಲ್‌ನಲ್ಲಿ ಬೇಡ, ಪುಡಿ ಹಾರಿಹೋಗಿ ಬರೀ ಕಲ್ಲು ಉಳಿಯುತ್ತದೆ. ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದು ನೆಲ ಹದವಾದಾಗ, ಪತ್ತನಾಜೆಯ (ಮೇ 24ರ ಸುಮಾರು) ಹೊತ್ತಿಗೆ ಮುಗಿಸಿ. ದೀಪಾವಳಿ ಸುಮಾರಿಗೆ ಇನ್ನೊಮ್ಮೆ.

ಗುಂಡಿಗೆ ಮೇಲಿಂದ ಜಲ್ಲಿ ತುಂಬಬೇಡಿ, ಅದರ ತಳ ಬಟ್ಟಲಿನ ಹಾಗೆ ಗಟ್ಟಿ ಇರುತ್ತದೆ, ನೀರು ನಿಂತು ಚಕ್ರ ಬಡಿದಾಗ ಹಾಕಿದ್ದೆಲ್ಲ ಹೊರಗೆ. ಗುಂಡಿಯ ತಳದವರೆಗೆ ಸುತ್ತಲನ್ನೂ ಕೆದಕಿ ಮತ್ತೆ ಹರಡಬೇಕು. ಆಮೇಲೆ ಬ್ಲೇಡನ್ನು ಸುಮಾರು 30 ಡಿಗ್ರಿ ಓರೆ ಮಾಡಿ, ಎಡತುದಿ ಮುಂದೆ, ಸ್ವಲ್ಪ ಕೆಳಗೆ. ಹೋಗುವಾಗ ಎಡ ಅಂಚು ಹಿಡಿದು ಹೋಗಿ, ಬರುವಾಗಲೂ ಎಡ ಅಂಚೇ. ಪಿನ್ ಬದಲಿಸುವ ಕೆಲಸವೇ ಇಲ್ಲದೆ ಎರಡೂ ಕಡೆಯ ಜಲ್ಲಿ ನಡುವಿಗೆ ಬರುತ್ತದೆ. ನಡೆದಷ್ಟೇ ನಿಧಾನ, ಲೋ ಗೇರ್. ಒಂದೇ ಸಲ ಆಳಕ್ಕೆ ಇಳಿಸಬೇಡಿ, ನಾಲ್ಕೈದು ಸಲ ತೆಳುವಾಗಿ ಎಳೆಯಿರಿ. ಕೊನೆಗೆ ರೋಲರ್ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೆ ಟ್ರ್ಯಾಕ್ಟರನ್ನೇ ಸ್ವಲ್ಪ ಸ್ವಲ್ಪ ಸರಿಸಿ ಓಡಿಸಿ. ಹೊಸ ಜಲ್ಲಿ ತರಿಸುವುದಾದರೆ ಕ್ರಷರ್ ಜಲ್ಲಿ ಪುಡಿಯ ಜೊತೆಗೆ ಇರಲಿ, ಹೊಳೆಯ ಉರುಟು ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ.

ತೂಕ ಸಾಲದು ಅಂತ ಬ್ಲೇಡಿನ ಮೇಲೆ ಜನ ನಿಲ್ಲಿಸುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ದಯವಿಟ್ಟು ಬೇಡ. ಕಾಲು ಜಾರಿದರೆ ಬ್ಲೇಡಿನ ಅಡಿಗೇ. ಕಲ್ಲಿನ ಚೀಲ ಬಿಗಿಯಾಗಿ ಕಟ್ಟಿ. ಇಳಿಯುವ ಮೊದಲು ಬ್ಲೇಡನ್ನು ನೆಲಕ್ಕೆ ಇಳಿಸಿ, ಇಂಜಿನ್ ನಿಲ್ಲಿಸಿ. ಮಕ್ಕಳು ಹತ್ತಿರ ಬರಬಾರದು.

ಮೊದಲ ಜೋರು ಮಳೆ ಬಂದ ದಿನ ಕೊಡೆ ಹಿಡಿದು ದಾರಿಯುದ್ದಕ್ಕೂ ಒಮ್ಮೆ ನಡೆಯಿರಿ. ನೀರು ನಿಂತಲ್ಲಿ ಒಂದೊಂದು ಕೋಲು ಹುಗಿದು ಬನ್ನಿ, ಮಳೆ ಬಿಟ್ಟ ಮೇಲೆ ಬ್ಲೇಡ್ ಮೊದಲು ಇಳಿಸಬೇಕಾದದ್ದು ಅಲ್ಲೇ.