5 ಸೆಕೆಂಡಿನ ಟೈಮ್‌ಔಟ್, ಬೆಳಿಗ್ಗೆಯಿಂದ ಕೂತ ಥ್ರೆಡ್

ನಮ್ಮ ಆರ್ಡರ್ ಪುಟದಲ್ಲಿ ಕೊರಿಯರ್ ದರ ತೋರಿಸಬೇಕಿತ್ತು. ದರ ಕೊಡುವುದು ಬೇರೆ ಕಂಪನಿಯ ಸರ್ವರ್. ಅದಕ್ಕೆ ಮನಸ್ಸು ಬಂದರೆ ಅರ್ಧ ಸೆಕೆಂಡು, ಇಲ್ಲದಿದ್ದರೆ ಉತ್ತರವೇ ಇಲ್ಲ. ನಮ್ಮದು ಜಾವಾ 8. ದರ ಕೇಳುವ ಮೆಥಡ್ ಅನ್ನು 10 ಥ್ರೆಡ್‌ಗಳ (ಒಟ್ಟೊಟ್ಟಿಗೆ ದುಡಿಯುವ ಕೆಲಸಗಾರರು ಎನ್ನಿ) ಪೂಲ್‌ಗೆ ಕೊಟ್ಟು, ಅದರ ಉತ್ತರಕ್ಕೆ ಕಾಯುವ ಫ್ಯೂಚರ್‌ನ ಗೆಟ್‌ನಲ್ಲಿ 5 ಸೆಕೆಂಡು ಎಂದು ಬರೆದೆ. ಅಷ್ಟರಲ್ಲಿ ಬರದಿದ್ದರೆ ‘ದರ ಸಿಗಲಿಲ್ಲ’ ಎಂದು ತೋರಿಸುವುದು. ಟೆಸ್ಟ್ ಮಾಡಿದೆ, ಸರಿಯಾಗಿ 5 ಸೆಕೆಂಡಿಗೆ ಬಂತು. ಖುಷಿಯಾಗಿ ಮನೆಗೆ ಹೋದೆ.

ಮಾರನೇ ದಿನ ಮಧ್ಯಾಹ್ನ ಎಲ್ಲರಿಗೂ ‘ದರ ಸಿಗಲಿಲ್ಲ’. ಅಷ್ಟೊತ್ತಿಗೆ ಆ ಸರ್ವರ್ ಸರಿಯಾಗಿತ್ತು, ಕರ್ಲ್ ಕಮಾಂಡಿನಿಂದ ನೇರವಾಗಿ ಕೇಳಿದರೆ ತಟ್ಟನೆ ಉತ್ತರ. ಜಾವಾದ ಜೆಸ್ಟ್ಯಾಕ್ ಓಡಿಸಿ ಥ್ರೆಡ್ ಡಂಪ್, ಅಂದರೆ ಯಾವ ಥ್ರೆಡ್ ಎಲ್ಲಿದೆ ಎಂಬ ಪಟ್ಟಿ, ತೆಗೆದೆ. ಪೂಲ್‌ನ ಹತ್ತೂ ಥ್ರೆಡ್‌ಗಳು ಒಂದೇ ಕಡೆ ಕೂತಿದ್ದವು: ಸಾಕೆಟ್‌ರೀಡ್0, ಅಂದರೆ ನೆಟ್‌ವರ್ಕ್ ಸಂಪರ್ಕದಿಂದ (ಸಾಕೆಟ್) ಉತ್ತರ ಓದುವ ಜಾಗ. ಬೆಳಿಗ್ಗೆಯಿಂದ ಕಾಯುತ್ತಲೇ ಇದ್ದವು. ಹೊಸ ಕೆಲಸಗಳು ಕ್ಯೂನಲ್ಲಿ ನಿಂತು, ಶುರುವೇ ಆಗದೆ ತಮ್ಮ 5 ಸೆಕೆಂಡು ಮುಗಿಸುತ್ತಿದ್ದವು.

ನಾನು ಮಿತಿ ಹಾಕಿದ್ದು ಕಾಯುವವನಿಗೆ, ಕೆಲಸ ಮಾಡುವವನಿಗೆ ಹಾಕಿರಲೇ ಇಲ್ಲ. ದೋಸೆಗೆ ಹೇಳಿ, ತಡವಾಯಿತೆಂದು ಎದ್ದು ಬಂದರೆ ಒಳಗೆ ಕಾವಲಿ ಖಾಲಿಯಾಗಲ್ಲ, ಅಲ್ವಾ?

ಸರಿ, ಫ್ಯೂಚರ್‌ನ ಕ್ಯಾನ್ಸಲ್‌ಗೆ ಟ್ರೂ ಕೊಟ್ಟು ಕರೆದೆ. ಏನೂ ಬದಲಾಗಲಿಲ್ಲ. ಅದು ಥ್ರೆಡ್‌ಗೆ ಇಂಟರಪ್ಟ್, ಅಂದರೆ ‘ಸಾಕು, ನಿಲ್ಲಿಸು’ ಎಂಬ ಸೂಚನೆ, ಕಳಿಸುತ್ತದೆ ಅಷ್ಟೇ. ಸ್ಲೀಪ್‌ನಲ್ಲಿರುವ ಥ್ರೆಡ್ ಎದ್ದೇಳುತ್ತದೆ. ಸಾಕೆಟ್ ಓದುತ್ತ ಕೂತದ್ದು ತಿರುಗಿಯೂ ನೋಡುವುದಿಲ್ಲ. ಥ್ರೆಡ್‌ನ ಸ್ಟಾಪ್ ಮೆಥಡ್ ಕಡೆಗೂ ಒಮ್ಮೆ ಕಣ್ಣು ಹೋಯಿತು, ಸುಳ್ಳು ಹೇಳಲ್ಲ. ಆದರೆ ಲಾಕ್ ಹಿಡಿದು ಡೇಟಾ ಬದಲಿಸುತ್ತಿರುವ ಥ್ರೆಡ್ ಅನ್ನು ನಡುವೆ ಕೊಂದರೆ ಡೇಟಾ ಅರ್ಧಂಬರ್ಧ ಆಗುತ್ತದೆ. ಅದನ್ನು ಬಳಸಬೇಡಿ ಎಂದು 1998ರ ಜಾವಾ 1.2ರಲ್ಲೇ ಹೇಳಿದ್ದಾರೆ.

ಮದ್ದು ಇದ್ದದ್ದು ಕನೆಕ್ಷನ್‌ನಲ್ಲೇ. ಸರ್ವರ್ ಜೊತೆ ಮಾತಾಡುವ ಜಾವಾದ ಎಚ್‌ಟಿಟಿಪಿ ಯುಆರ್‌ಎಲ್ ಕನೆಕ್ಷನ್‌ನಲ್ಲಿ ಕನೆಕ್ಟ್ ಟೈಮ್‌ಔಟ್ (ಸಂಪರ್ಕಕ್ಕೆ ಕಾಯುವ ಮಿತಿ), ರೀಡ್ ಟೈಮ್‌ಔಟ್ (ಓದಲು ಕಾಯುವ ಮಿತಿ) ಎರಡೂ ನಾವು ಹೇಳದಿದ್ದರೆ 0. ಸೊನ್ನೆ ಎಂದರೆ ತಕ್ಷಣ ಬಿಟ್ಟುಬಿಡು ಎಂದಲ್ಲ, ಎಷ್ಟು ಹೊತ್ತಾದರೂ ಕಾಯಿ ಎಂದು! 1,000 ಮತ್ತು 3,000 ಮಿಲಿಸೆಕೆಂಡು ಹಾಕಿದೆ. ಇಲ್ಲೂ ಒಂದು ತೊಡಕಿದೆ. ರೀಡ್ ಟೈಮ್‌ಔಟ್ ಒಟ್ಟು ಸಮಯದ ಲೆಕ್ಕವಲ್ಲ, ಪ್ರತಿ ಸಲ ಓದಲು ಕಾಯುವ ಲೆಕ್ಕ. ಆ ಕಡೆಯಿಂದ 2 ಸೆಕೆಂಡಿಗೊಂದು ಬೈಟ್ ತೊಟ್ಟಿಕ್ಕುತ್ತಿದ್ದರೆ 3 ಸೆಕೆಂಡಿನ ಮಿತಿ ಯಾವತ್ತೂ ದಾಟುವುದಿಲ್ಲ. ಅದಕ್ಕೇ ಹೊರಗಿನ 5 ಸೆಕೆಂಡನ್ನೂ ಕ್ಯಾನ್ಸಲ್ ಅನ್ನೂ ಉಳಿಸಿಕೊಂಡೆ. ಉತ್ತರ ಓದುವ ಲೂಪ್‌ನಲ್ಲಿ, ಇಂಟರಪ್ಟ್ ಬಂದಿದೆಯೇ ಎಂದು ಪ್ರತಿ ಸುತ್ತಿಗೂ ನೋಡುವ ಸಾಲೊಂದನ್ನು ಸೇರಿಸಿದೆ.

ಟೆಸ್ಟ್‌ಗೆ ಈಗ ಒಂದು ಪುಟ್ಟ ಸರ್ವರ್ ಬರೆದುಕೊಂಡಿದ್ದೇನೆ. ಕನೆಕ್ಷನ್ ತೆಗೆದುಕೊಳ್ಳುತ್ತದೆ, ಆಮೇಲೆ ಸುಮ್ನೆ ಕೂರುತ್ತದೆ. ಮೊದಲ ಸಲ ನಾನು ನೋಡಿದ್ದು ಪುಟವನ್ನು ಮಾತ್ರ. ಈಗ ಪೂಲ್‌ನಲ್ಲಿ ಎಷ್ಟು ಥ್ರೆಡ್ ಬಿಡುವಾಗಿವೆ ಎಂದೂ ಎಣಿಸುತ್ತೇನೆ.