ಕೊಳೆ ನಿಂತಿದ್ದು ಔಷಧಿಯಿಂದಲ್ಲ, ನೀರು ಬಂದ್ ಮಾಡಿದ್ದರಿಂದ

ಆಲೂಗಡ್ಡೆ ಕೊಳೆ ರೋಗಕ್ಕೆ ಅಂತ ನಾನು ಸುರಿದ ದುಡ್ಡಿನಲ್ಲಿ ಜಾಸ್ತಿ ಪಾಲು ಸಿಂಪಡಣೆಗೇ ಹೋಗಿದೆ. ತಾಮ್ರದ ಔಷಧಿ ಆಯಿತು, ಆಂಟಿಬಯೋಟಿಕ್ ಆಯಿತು, ಎರಡನ್ನೂ ಕಲಸಿ ಬುಡಕ್ಕೆ ಹೊಯ್ದದ್ದೂ ಆಯಿತು. ರೋಗಾಣು ಕಾಂಡದ ಒಳಗೆ ಕೂತಿರುವಾಗ ಎಲೆ ಮೇಲೆ ಹೊಡೆದರೆ ಏನು ಬಂತು? ಒಂದು ವರ್ಷವಂತೂ ಅಗೆದದ್ದರಲ್ಲಿ ಮೂರನೇ ಒಂದು ಪಾಲು ರಾಶಿಯಲ್ಲೇ ನೀರಾಗಿ ಹರಿಯಿತು. ಈಗ ನೂರು ಚೀಲಕ್ಕೆ ಮೂರೋ ನಾಲ್ಕೋ ಹೋಗಬಹುದು, ಅಷ್ಟೇ.

ಮೊದಲು ಯಾವ ಕೊಳೆ ಅಂತ ಗೊತ್ತಾಗಬೇಕು. ಹಸಿರಿದ್ದಂತೆಯೇ ಬಾಡಿದ ಗಿಡದ ಕಾಂಡ ಕತ್ತರಿಸಿ, ಗಾಜಿನ ಲೋಟದ ನೀರಲ್ಲಿ ತುದಿ ಮುಳುಗಿಸಿ ಹಿಡಿಯುತ್ತೇನೆ. ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ಗಡ್ಡೆ ಕೊಯ್ದರೆ ಒಳಗೆ ಕಂದು ಉಂಗುರ, ಹಿಂಡಿದರೆ ಅಂಟು ಹನಿ. ಉಂಗುರವಿಲ್ಲದೆ ತಿರುಳೆಲ್ಲ ಮೆತ್ತಗಾಗಿ ನಾರಿದರೆ ಅದು ಮೆದು ಕೊಳೆ. ಮೊದಲನೆಯದು ಹೆಚ್ಚಾಗಿ ಬಿತ್ತನೆ ಮತ್ತು ಮಣ್ಣಿನಿಂದ ಬರುತ್ತದೆ. ಎರಡನೆಯದಕ್ಕೆ ಗಾಯ ಮತ್ತು ನೀರು ಸಾಕು.

ಬಿತ್ತನೆಗೆ ಈಗ ಸಣ್ಣ ಇಡೀ ಗಡ್ಡೆಯನ್ನೇ ಹಾಕುತ್ತೇನೆ, 40-50 ಗ್ರಾಂನದ್ದು. ಖರ್ಚು ಹೆಚ್ಚುಕಡಿಮೆ ಒಂದೂವರೆ ಪಟ್ಟು. 'ಬೀಜಕ್ಕೇ ಎಲ್ಲಾ ಹಾಕಿದರೆ ಗೊಬ್ಬರಕ್ಕೇನು ಮಾಡ್ತೀಯ?' ಅಂತ ನಕ್ಕವರಿದ್ದಾರೆ. ದೊಡ್ಡ ಗಡ್ಡೆ ಕತ್ತರಿಸಲೇಬೇಕಾದಾಗ ಎರಡು ಚಾಕು ಇಟ್ಟುಕೊಳ್ಳುತ್ತೇನೆ. ಒಂದು ಬ್ಲೀಚಿಂಗ್ ನೀರಲ್ಲಿರುತ್ತದೆ, ಗಡ್ಡೆಗೊಂದು ಸಲ ಅದಲು ಬದಲು. ಚಾಕು ತುಕ್ಕು ಹಿಡಿಯುತ್ತದೆ, ಹಿಡಿಯಲಿ. ಕತ್ತರಿಸಿದ ಮೈ ಒಣಗಿ ಪೊರೆ ಕಟ್ಟುವವರೆಗೆ ನೆರಳಲ್ಲಿ ಗಾಳಿಯಾಡಲು ಬಿಡುತ್ತೇನೆ.

ಬಿತ್ತುವಾಗ ಸಾಲಿಗೆ ಬ್ಲೀಚಿಂಗ್ ಪುಡಿ, ಹೆಕ್ಟೇರಿಗೆ 12 ಕೆಜಿ ಲೆಕ್ಕ. ಯೂರಿಯಾ ಜೊತೆ ಮಾತ್ರ ಬೆರೆಸಬೇಡಿ, ಕೆಟ್ಟ ಅನಿಲ ಏಳುತ್ತದೆ. ತೆರೆದಿಟ್ಟು ಘಾಟು ಹೋದ ಪುಡಿ ಸುಮ್ನೆ ದಂಡ.

ನಿಜವಾದ ಕೆಲಸ ಮಾಡಿದ್ದು ನೀರಿನ ವಿಷಯ. ನೀರು ನಿಂತ ಸಾಲಿನ ಗಡ್ಡೆ ಎತ್ತಿ ನೋಡಿ, ಸಿಪ್ಪೆ ಮೇಲೆ ಬಿಳಿ ಗುಳ್ಳೆಗಳು ಎದ್ದಿರುತ್ತವೆ. ಗಡ್ಡೆ ಉಸಿರಾಡುವ ರಂಧ್ರಗಳು ಊದಿಕೊಂಡು ಬಾಯಿ ಬಿಟ್ಟಿರುವುದು ಅದು. ಕೊಳೆ ಒಳಗೆ ನುಗ್ಗುವುದು ಅಲ್ಲಿಂದಲೇ. ಹಾಗಾಗಿ ಒಂದು ಸಾಲಿನ ನೀರು ಇನ್ನೊಂದಕ್ಕೆ ಹರಿಯದ ಹಾಗೆ ಮಾಡಿದೆ. ರೋಗ ಕಂಡ ಮೂಲೆಗೆ ಕೊನೆಯಲ್ಲಿ ನೀರು. ಸೊರಗಿದ ಗಿಡವನ್ನು ಮಣ್ಣಿನ ಸಮೇತ ಕಿತ್ತು ಹೊರಗೆ ಹಾಕುತ್ತೇನೆ.

ಅಗೆಯುವ ಎರಡು ವಾರದ ಮುಂಚೆ ನೀರು ಬಂದ್. ಸಿಪ್ಪೆ ಬಲಿಯಲಿ ಅಂತ ಅದರ ಹಿಂದೆಯೇ ಗಿಡದ ಮೇಲ್ಭಾಗ ಕೊಯ್ದುಬಿಡುತ್ತೇನೆ. 'ತೂಕ ಹೋಗುತ್ತೆ' ಅಂದರು. ಹೋಯಿತು ಕೂಡ, ನೂರಕ್ಕೆ ನಾಲ್ಕೈದರಷ್ಟು ಇರಬಹುದು. ಕೊಳೆತು ಹೋಗುತ್ತಿದ್ದುದರ ಮುಂದೆ ಅದು ಲೆಕ್ಕಕ್ಕಿಲ್ಲ, ಅಲ್ವಾ? ಹೆಬ್ಬೆರಳಲ್ಲಿ ಒತ್ತಿ ಉಜ್ಜಿದರೆ ಸಿಪ್ಪೆ ಸುಲಿಯಬಾರದು. ಸುಲಿದರೆ ಗುದ್ದಲಿ ಮುಟ್ಟುವುದಿಲ್ಲ.

ಮಧ್ಯೆ ಬೇರೆ ಆಟಗಳನ್ನೂ ಆಡಿದೆ. ಅರ್ಧ ಹೊಲಕ್ಕೆ ಜಿಪ್ಸಮ್ ಹಾಕಿದೆ. ಸಿಪ್ಪೆ ಗಟ್ಟಿ ಅನ್ನಿಸಿತು, ಕೊಳೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಸಾಸಿವೆ ಬೆಳೆದು ಹಸಿರಾಗಿಯೇ ಮಣ್ಣಿಗೆ ಸೇರಿಸಿದೆ, ಘಾಟು ಜೋರು, ಲಾಭ ಅಷ್ಟಕ್ಕಷ್ಟೆ. ಟೊಮೇಟೊ ಬಿಟ್ಟು ಮಧ್ಯೆ ಮೆಕ್ಕೆಜೋಳ ಹಾಕಿದ್ದು ಕೆಲಸಕ್ಕೆ ಬಂತು. ಆದರೆ ಬದುವಿನ ಗಣಿಕೆ ಗಿಡ ಕೀಳದಿದ್ದರೆ ಎಲ್ಲಾ ವ್ಯರ್ಥ. ಸೊರಗು ರೋಗ ಟೊಮೇಟೊದಲ್ಲಿ ಇರುವ ಹಾಗೆ ಅದರಲ್ಲೂ ಬದುಕಿಕೊಂಡಿರುತ್ತದೆ.

ಅಗೆದ ಗಡ್ಡೆಯನ್ನು ತೊಳೆಯುವುದಿಲ್ಲ, ರಾಶಿ ಮೇಲೆ ಪ್ಲಾಸ್ಟಿಕ್ ಹೊದಿಸುವುದೂ ಇಲ್ಲ. ಸಿಂಪಡಣೆಯಲ್ಲಿ ಉಳಿದ ದುಡ್ಡಲ್ಲೇ ಬೀಜದ ಹೆಚ್ಚಿನ ಖರ್ಚು ತೀರಿತು. ಈ ಸಲ ನಕ್ಕವರಲ್ಲೇ ಒಬ್ಬರು ಇಡೀ ಗಡ್ಡೆ ಬಿತ್ತನೆ ಎಲ್ಲಿ ಸಿಗುತ್ತೆ ಅಂತ ಕೇಳಿದರು. ನನ್ನದೇ ಕೊಡಬಹುದಿತ್ತು, ಆದರೆ ಮುಂದಿನ ಬೆಳೆಗೆ ನನಗೇ ಸಾಲದು.